ಹಂದಿ ಬಾಗಿಲ ತನಕ ಬಂದು ಯಾಕೆ ನಿಲ್ಲುತ್ತೆ? ಶೆಡ್‌ನಿಂದ ಗಾಡಿಗೆ ಹತ್ತಿಸೋ ಬಗ್ಗೆ

ಪ್ರಶ್ನೆ: ಸರ್, ನಮ್ಮದು ಸಣ್ಣ ಫಾರಂ. ಒಂದು ಸಲಕ್ಕೆ 60 ಹಂದಿ ಮಾರ್ಕೆಟ್‌ಗೆ ಕಳಿಸ್ತೀವಿ, ಒಂದೊಂದು ಸುಮಾರು 115 ಕೆಜಿ ಇರುತ್ತೆ. ಪೆನ್ನಿಂದ, ಅಂದ್ರೆ ಶೆಡ್ ಒಳಗೆ ಹಂದಿ ಇರೋ ಅಡ್ಡ ಕಟ್ಟಿದ ಜಾಗದಿಂದ, ಆಚೆಗೆ ಚೆನ್ನಾಗೇ ಬರ್ತವೆ, ಓಣಿಯಲ್ಲೂ ತೊಂದರೆ ಇಲ್ಲ, ಶೆಡ್ ಬಾಗಿಲು ದಾಟಿ ರ‍್ಯಾಂಪ್ ಹತ್ತೋ ಹೊತ್ತಿಗೆ ನಿಂತು ಬಿಡ್ತವೆ, ಆಮೇಲೆ ಹಿಂದಕ್ಕೆ ನುಗ್ತವೆ. ಹೋದ ಸಲ ಮಧ್ಯಾಹ್ನ ಲೋಡ್ ಮಾಡುವಾಗ ಎರಡು ಹಂದಿ ರ‍್ಯಾಂಪ್ ಮೇಲೇ ಕೂತ್ಬಿಟ್ವು, ಇನ್ನೊಂದು ಗಾಡಿ ಒಳಗೆ ಹೋಗಿ ಸತ್ತೋಯ್ತು. ಗೇಟು ಬಡಿದು ನನ್ನ ತಮ್ಮನ ಮೊಣಕಾಲು ಊದಿ ಹದಿನೈದು ದಿನ ಮಲಗಿದ್ದ. ಗಾಡಿ ಡ್ರೈವರ್ ಕರೆಂಟ್ ಕೋಲು ತಗೊಳ್ಳಿ ಅಂತಿದ್ದಾರೆ. ತಗೋಬೇಕಾ?

ಉತ್ತರ: ಕೋಲು ತಗೋಬೇಡಿ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ, ಮೊದಲು ನಿಮ್ಮ ಪ್ರಶ್ನೆನೇ ಇನ್ನೊಂದು ಸಲ ಓದಿ ನೋಡಿ. ಪೆನ್ನಿಂದ ಚೆನ್ನಾಗಿ ಬರ್ತವೆ, ಓಣಿಯಲ್ಲಿ ಚೆನ್ನಾಗಿ ಬರ್ತವೆ, ಬಾಗಿಲ ಹತ್ರ ಮಾತ್ರ ನಿಲ್ತವೆ ಅಂತ ನೀವೇ ಬರ್ದಿದ್ದೀರ. ಹಂದಿ ಹಟ ಮಾಡೋ ಹಾಗಿದ್ರೆ ಪೆನ್ನಲ್ಲೇ ಮಾಡ್ತಿತ್ತು. ಅಲ್ಲೀವರೆಗೂ ನಡೆದು ಬಂದಿದ್ದು ಅದೇ ಜಾಗದಲ್ಲಿ ನಿಲ್ಲುತ್ತೆ ಅಂದ್ರೆ ಅಲ್ಲಿ ಅದಕ್ಕೆ ಏನೋ ಕಾಣ್ತಾ ಇದೆ, ಅಥವಾ ಕಾಲಿಗೆ ಏನೋ ಬೇರೆ ತರ ತಾಗ್ತಾ ಇದೆ. ತೊಂದರೆ ಮುಂದುಗಡೆ ಇದೆ, ನಾವು ಹೊಡೆಯೋದು ಹಿಂದುಗಡೆ. ಎಷ್ಟು ಹೊಡೆದ್ರೂ ಮುಂದಿರೋದು ಹೋಗಲ್ಲ.

ಅದಕ್ಕೆ ಮುಂದಿನ ಲೋಡಿಂಗ್‌ಗೆ ಮುಂಚೆ, ಗಾಡಿ ಬಂದು ರ‍್ಯಾಂಪ್‌ಗೆ ಹಿಂಬದಿ ಕೊಟ್ಟು ನಿಂತ ಮೇಲೆ, ಒಂದೇ ಒಂದು ಹಂದಿನೂ ಬಿಡೋಕೆ ಮುಂಚೆ, ನೀವೇ ಓಣಿಯಿಂದ ಗಾಡಿ ಒಳಗಿನ ತನಕ ಬಗ್ಗಿ ನಡೀರಿ. ನಾನು ಹೇಳ್ತಿರೋದು ನಿಜವಾಗ್ಲೂ ಬಗ್ಗಿ, ಕಣ್ಣು ನಿಮ್ಮ ಮೊಣಕಾಲಿನ ಮಟ್ಟಕ್ಕೆ ಬರೋ ಹಾಗೆ. ಹಂದಿ ಲೋಕ ನೋಡೋದು ಆ ಎತ್ತರದಿಂದ. ಒಂದು ಫಾರಂನಲ್ಲಿ ನಿಮ್ಮ ಹಾಗೇ ತೊಂದರೆ ಅಂತ ಕರೆದಿದ್ರು, ನಾನು ಹೋಗೋ ಹೊತ್ತಿಗೆ ಮುಕ್ಕಾಲು ಗಂಟೆಯಿಂದ ಕೂಗಾಟ ನಡೀತಿತ್ತು, ಹಂದಿಗಳ ಬೆನ್ನೆಲ್ಲಾ ಕೆಂಪಾಗಿತ್ತು, ಹತ್ತಿದ್ದು ಏಳೋ ಎಂಟೋ. ಎಲ್ಲರನ್ನೂ ಸುಮ್ಮನೆ ನಿಲ್ಲೋಕೆ ಹೇಳಿ ಬಾಗಿಲ ಹತ್ರ ಕುಕ್ಕರಗಾಲಲ್ಲಿ ಕೂತೆ. ಗಾಡಿ ಮೇಲಿನ ಟಾರ್ಪಾಲಿನ್ ಹಗ್ಗದ ತುದಿ ಒಂದು ಮೊಳ ಕೆಳಗೆ ಜೋತಾಡ್ತಿತ್ತು, ಗಾಳಿಗೆ ಅದು ಆಡಿದ ಹಾಗೆಲ್ಲಾ ಅದರ ನೆರಳು ರ‍್ಯಾಂಪ್ ಹಲಗೆ ಮೇಲೆ ಹಾವಿನ ತರ ಅತ್ತಿತ್ತ ಹರೀತಿತ್ತು. ನಿಂತ್ಕೊಂಡಿದ್ದ ಐದು ಜನಕ್ಕೂ ಅದು ಕಂಡಿರಲಿಲ್ಲ. ಹಗ್ಗ ಎತ್ತಿ ಕಟ್ಟಿದ್ವಿ. ಮುಂದಿದ್ದ ಹಂದಿ ಮೂತಿ ಕೆಳಗೆ ಹಾಕಿ ರ‍್ಯಾಂಪ್‌ನ ಮೊದಲನೇ ಅಡ್ಡ ಪಟ್ಟಿಯನ್ನ ಮೂಸ್ತು, ಎರಡನೇದನ್ನ ಮೂಸ್ತು, ಒಂದು ಗೊರಸು ಇಟ್ಟು ನೋಡ್ತು, ಆಮೇಲೆ ತನ್ನ ಪಾಡಿಗೆ ತಾನು ಹತ್ತಿ ಹೋಯ್ತು, ಉಳಿದವು ಅದರ ಬಾಲ ಹಿಡಿದ ಹಾಗೆ ಹಿಂದೆ ಹೋದ್ವು. ಆ ಮೂಸೋ ಅರ್ಧ ನಿಮಿಷ ಇದೆಯಲ್ಲ, ಅದನ್ನ ಕೊಡ್ಬೇಕು. ಬಹಳಷ್ಟು ಲೋಡಿಂಗ್ ಕೆಡೋದು ಆ ಅರ್ಧ ನಿಮಿಷ ಕಾಯೋಕಾಗದೆ.

ಹಂದಿ ಕಣ್ಣಿನ ಬಗ್ಗೆ ಸ್ವಲ್ಪ ತಿಳ್ಕೊಂಡ್ರೆ ಇದೆಲ್ಲಾ ಅರ್ಥ ಆಗುತ್ತೆ. ಕಣ್ಣು ತಲೆಯ ಎರಡು ಪಕ್ಕಕ್ಕಿರೋದ್ರಿಂದ ಅದಕ್ಕೆ ಸುತ್ತ ಸುಮಾರು 310 ಡಿಗ್ರಿ ಕಾಣುತ್ತೆ, ಬಾಲದ ನೇರ ಹಿಂದೆ ಮಾತ್ರ ಕಾಣಲ್ಲ. ಆದ್ರೆ ಆಳ ಎಷ್ಟು ಅಂತ ಅಂದಾಜು ಮಾಡೋದು ಅದಕ್ಕೆ ಕಷ್ಟ. ನೆಲದ ಮೇಲೆ ಒಂದು ಕಪ್ಪು ನೆರಳು ಬಿದ್ರೆ ಅದು ನೆರಳೋ ಗುಂಡಿಯೋ ಅಂತ ತಲೆ ತಗ್ಗಿಸಿ ನೋಡದೆ ಗೊತ್ತಾಗಲ್ಲ. ಅದಕ್ಕೇ ಬಾಗಿಲ ಹತ್ರ ಇರೋ ಚರಂಡಿ ಜಾಲರಿ, ನೀರು ನಿಂತು ಮಿಂಚೋ ಜಾಗ, ಸಿಮೆಂಟ್ ನೆಲ ಮುಗಿದು ಅಲ್ಯೂಮಿನಿಯಂ ತಗಡು ಶುರುವಾಗೋ ಗೆರೆ, ಅಲ್ಲಾಡೋ ಸರಪಳಿ, ಗೇಟಿಗೆ ಯಾರೋ ನೇತು ಹಾಕಿದ ಜಾಕೆಟ್, ಇವೆಲ್ಲಾ ಅದಕ್ಕೆ ನಿಂತು ನೋಡ್ಬೇಕಾದ ವಿಷಯಗಳು. ಬಾಗಿಲಿಂದ ಮುಖಕ್ಕೆ ಹೊಡೆಯೋ ಗಾಳಿನೂ ಅಷ್ಟೇ. ಪ್ರಾಣಿಗಳನ್ನ ನಡೆಸೋ ವಿಷಯದಲ್ಲಿ ಜಗತ್ತಿಗೇ ಹೆಸರಾಗಿರೋ ಅಮೆರಿಕದ ಟೆಂಪಲ್ ಗ್ರಾಂಡಿನ್ ವರ್ಷಾನುಗಟ್ಟಲೆ ಹೇಳ್ತಾ ಬಂದಿರೋದೂ ಇದನ್ನೇ, ಪ್ರಾಣಿ ಹೋಗೋ ದಾರಿಯಲ್ಲಿ ನೀವೇ ಹೋಗಿ, ಅದರ ಕಣ್ಣ ಮಟ್ಟದಲ್ಲಿ ನೋಡಿ ಅಂತ.

ನಿಮ್ಮ ವಿಷಯದಲ್ಲಿ ನನಗೆ ಎರಡರ ಮೇಲೆ ಅನುಮಾನ. ಒಂದು ಬೆಳಕು. ಮಧ್ಯಾಹ್ನ ಲೋಡ್ ಮಾಡಿದ್ದೀರ, ಶೆಡ್ ಒಳಗೆ ಮಬ್ಬು, ಬಾಗಿಲಾಚೆ ಸುಡು ಬಿಸಿಲು, ಅದರಾಚೆ ಗಾಡಿ ಒಳಗೆ ಮತ್ತೆ ಕತ್ತಲು. ನಾವೇ ಬಿಸಿಲಿಂದ ಕತ್ತಲೆ ರೂಮಿಗೆ ಹೋದ್ರೆ ಒಂದು ಕ್ಷಣ ತಡವರಿಸ್ತೀವಿ, ಅದು ಎರಡು ಹೆಜ್ಜೆಯಲ್ಲಿ ಎರಡು ಸಲ ಆಗುತ್ತೆ. ಹಂದಿ ಕಡಿಮೆ ಬೆಳಕಿಂದ ಜಾಸ್ತಿ ಬೆಳಕಿನ ಕಡೆಗೆ ಸಲೀಸಾಗಿ ಹೋಗುತ್ತೆ, ಆದ್ರೆ ಕಣ್ಣಿಗೆ ಕುಕ್ಕೋ ಬೆಳಕಿಗೆ ಹೋಗಲ್ಲ, ಕಪ್ಪು ಗವಿ ಒಳಗೂ ಹೋಗಲ್ಲ. ಬೆಳಗಿನ ಜಾವ ಲೋಡ್ ಮಾಡಿ, ಗಾಡಿ ಒಳಗೆ ಒಂದು ಲೈಟು ಹಾಕಿ, ಲೈಟು ಹಂದಿ ಮುಖಕ್ಕಲ್ಲ, ಛಾವಣಿ ಕಡೆಗೋ ಒಳಗಿನ ಗೋಡೆಗೋ ತಿರುಗಿರ್ಲಿ. ಬಾಗಿಲಿಗೂ ಗಾಡಿಗೂ ನಡುವೆ ಬಿಸಿಲು ಬೀಳೋ ಜಾಗಕ್ಕೆ ಎರಡೂ ಪಕ್ಕ ತೂತಿಲ್ಲದ ಹಲಗೆ ಅಥವಾ ತಗಡಿನ ಗೋಡೆ ಕೊಡಿ, ಕಂಬಿ ಗೋಡೆಯಾದ್ರೆ ಕಂಬಿ ನೆರಳು ನೆಲದ ಮೇಲೆ ಏಣಿ ತರ ಬೀಳುತ್ತೆ, ಪ್ರತಿ ನೆರಳಿಗೂ ಒಂದು ಹಂದಿ ನಿಲ್ಲುತ್ತೆ. ಎರಡನೇ ಅನುಮಾನ ನಿಮ್ಮ ಡ್ರೈವರ್ ಎಲ್ಲಿ ನಿಂತಿದ್ರು ಅಂತ. ಬೇಜಾರು ಮಾಡ್ಕೋಬೇಡಿ, ಹತ್ತರಲ್ಲಿ ಎಂಟು ಕಡೆ ನಾನು ನೋಡಿರೋದು ಇದನ್ನೇ, ಡ್ರೈವರ್ ಎಣಿಸೋಕೆ ಅಂತ ರ‍್ಯಾಂಪ್ ತುದಿಯಲ್ಲೇ ಗಾಡಿ ಬಾಯಿಗೆ ನಿಂತಿರ್ತಾರೆ, ಹಂದಿ ಹತ್ತಿ ಬರ್ತಾ ತಲೆ ಎತ್ತಿದ ತಕ್ಷಣ ಎದುರಿಗೆ ಮನುಷ್ಯ. ಎದುರಿಗೆ ಮನುಷ್ಯ ನಿಂತಿರೋ ಕಡೆಗೆ ಅದು ಯಾಕೆ ಹೋಗುತ್ತೆ ಹೇಳಿ. ಎಣಿಸೋರು ಪಕ್ಕದಲ್ಲಿ, ಹಲಗೆ ಮರೆಯಲ್ಲಿ ನಿಲ್ಲಲಿ.

ಈಗ ಆ ಕೂತ್ಬಿಟ್ಟ ಎರಡು ಹಂದಿ ಮತ್ತೆ ಸತ್ತಿದ್ದರ ವಿಷಯ. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಇಡೀ ಉತ್ತರದಲ್ಲಿ ನನಗೆ ಮುಖ್ಯವಾದ್ದು ಇದು. 115 ಕೆಜಿ ಹಂದಿ ನೋಡೋಕೆ ಬಲವಾಗಿ ಕಾಣುತ್ತೆ, ಆದ್ರೆ ಅದರ ಮೈ ತೂಕಕ್ಕೆ ಹೋಲಿಸಿದ್ರೆ ಹೃದಯ ಚಿಕ್ಕದು. ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋ ಶಕ್ತಿ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ, ಬಿಸಿ ಆಚೆ ಹಾಕೋದು ಉಸಿರಿನ ಮೂಲಕ. ಅದರ ಮೇಲೆ ಹುಟ್ಟಿದಾಗಿಂದ ಒಂದು ಪೆನ್ನಲ್ಲಿ ತಿಂದು ಮಲಗಿದ ಪ್ರಾಣಿ ಅದು, ಓಡಿ ಅಭ್ಯಾಸ ಇಲ್ಲ. ಅದನ್ನ ಒಂದೇ ಸಲಕ್ಕೆ ಓಡಿಸಿದ್ರೆ, ಹೆದರಿಸಿದ್ರೆ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಸಿಡ್ ಜಮಾಯಿಸಿ ರಕ್ತವೇ ಹುಳಿಯಾಗ್ತಾ ಹೋಗುತ್ತೆ, ಮೈ ಬಿಸಿ ಏರುತ್ತೆ, ಒಂದು ಹಂತದಲ್ಲಿ ಕಾಲು ಕೈ ಕೊಡುತ್ತೆ. ಗಾಯ ಇಲ್ಲ, ರೋಗ ಇಲ್ಲ, ಸುಮ್ಮನೆ ಕೂತ್ಬಿಡುತ್ತೆ. ನೋಡೋರಿಗೆ ಹಟ ಅನ್ಸುತ್ತೆ. ಅದು ಹಟ ಅಲ್ಲ, ಅದರ ಕೈಲಿ ಆಗ್ತಿಲ್ಲ. ಅಂಥ ಹೊತ್ತಲ್ಲಿ ಒದ್ದು ಎಬ್ಬಿಸಿ ಗಾಡಿಗೆ ಹಾಕಿದ್ರೆ ಅದು ಗಾಡಿಯಲ್ಲಿ ಸಾಯುತ್ತೆ.

ಕೂರೋಕೆ ಮುಂಚೆ ಅದು ಹೇಳಿರುತ್ತೆ, ನಾವು ನೋಡಿರಲ್ಲ. ಮೊದಲು ಬಾಯಿ ತೆರೆದು ಏದುಸಿರು ಬಿಡೋದು. ಆಮೇಲೆ ಚರ್ಮದ ಮೇಲೆ ಕೆಂಪು ಬಿಳಿ ಮಚ್ಚೆ ಮಚ್ಚೆಯಾಗೋದು, ಬಿಳಿ ಹಂದಿಯಾದ್ರೆ ಹೊಟ್ಟೆ ಪಕ್ಕ, ಕಿವಿ ಹಿಂದೆ ಸ್ಪಷ್ಟವಾಗಿ ಕಾಣುತ್ತೆ. ತೊಡೆ, ಭುಜದ ಸ್ನಾಯು ನಡುಗೋದು, ಹೆಜ್ಜೆ ಸೆಟೆದ ಹಾಗೆ ಬೀಳೋದು, ಕೀರಲು ದನಿಯಲ್ಲಿ ಬಿಡದೆ ಕಿರುಚೋದು. ಇದರಲ್ಲಿ ಯಾವುದೇ ಒಂದು ಕಂಡ್ರೂ ಆ ಹಂದಿಯನ್ನ ಅಲ್ಲೇ ಬಿಡಿ. ಗಾಡಿ ಕಾಯಲಿ. ಡ್ರೈವರ್ ಮುಖ ಗಂಟು ಹಾಕ್ಕೊಂಡ್ರೆ ಹಾಕ್ಕೊಳ್ಳಲಿ, ಸತ್ತ ಹಂದಿಗೆ ಅವರು ದುಡ್ಡು ಕೊಡಲ್ಲ.

ಕರೆಂಟ್ ಕೋಲು ಬೇಡ ಅಂದಿದ್ದು ಇದಕ್ಕೇ. ಅದು ತಾಗಿದ ತಕ್ಷಣ ಹಂದಿ ಎದೆಬಡಿತ ಏರುತ್ತೆ, ಜೋರಾಗಿ ಮುಂದಕ್ಕೆ ಹಾರಿ ಮುಂದಿನ ಹಂದಿ ಮೇಲೆ ಬೀಳುತ್ತೆ, ಇಲ್ಲಾಂದ್ರೆ ಗಿರ್ರನೆ ತಿರುಗಿ ನಿಮ್ಮ ಕಾಲಿಗೆ ನುಗ್ಗುತ್ತೆ, ನಾಲ್ಕು ಸಲ ಅದೇ ಕೆಲಸ ಮಾಡಿದ್ರೆ ನಾನು ಮೇಲೆ ಹೇಳಿದ ಏದುಸಿರು, ಮಚ್ಚೆ, ನಡುಕ ಎಲ್ಲಾ ಶುರು. ಮಾಂಸದಲ್ಲೂ ಗೊತ್ತಾಗುತ್ತೆ, ಕಡಿಯೋಕೆ ಸ್ವಲ್ಪ ಮುಂಚೆ ಗಾಬರಿಯಾದ ಹಂದಿ ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತೆ, ಒಳಗೆ ರಕ್ತದ ಚುಕ್ಕೆ ಬಿದ್ದಿರುತ್ತೆ. ಯುರೋಪಿಯನ್ ಒಕ್ಕೂಟದ 2005ರ ಪ್ರಾಣಿ ಸಾಗಣೆ ನಿಯಮದಲ್ಲಿ ಈ ಕೋಲನ್ನ ಆದಷ್ಟು ಬಳಸಲೇಬಾರದು ಅಂತಿದೆ, ಬಳಸಿದ್ರೂ ದೊಡ್ಡ ಹಂದಿಗೆ ಮಾತ್ರ, ಹಿಂಭಾಗದ ಮಾಂಸಖಂಡಕ್ಕೆ ಮಾತ್ರ, ಒಂದು ಸೆಕೆಂಡಿಗಿಂತ ಜಾಸ್ತಿ ಇಲ್ಲ, ಅದೂ ಮುಂದೆ ಹೋಗೋಕೆ ಜಾಗ ಇದ್ರೂ ಹೋಗದೇ ಇದ್ದಾಗ ಮಾತ್ರ. ಆ ಕೊನೇ ಮಾತು ಗಮನಿಸಿ, ಮುಂದೆ ಜಾಗ ಇದ್ರೆ. ನಿಮ್ಮ ರ‍್ಯಾಂಪ್ ಮೇಲೆ ಹಿಂದಿನ ಹಂದಿಗೆ ಹೋಗೋಕೆ ಜಾಗವೇ ಇರಲಿಲ್ಲ.

ಯಾಕಂದ್ರೆ ನೀವು ಹತ್ತು ಹದಿನೈದು ಹಂದಿ ಒಟ್ಟಿಗೆ ಬಿಟ್ಟಿರ್ತೀರ. ನೀವು ಬರ್ದಿಲ್ಲ, ಆದ್ರೆ ಹಿಂದಕ್ಕೆ ನುಗ್ತವೆ ಅನ್ನೋ ಮಾತಲ್ಲೇ ಗೊತ್ತಾಗುತ್ತೆ. ಮುಂದಿನದು ಮೂಸೋಕೆ ನಿಲ್ಲುತ್ತೆ, ಹಿಂದಿಂದ ನೀವು ತಳ್ತೀರ, ನಡುವಿನವಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ, ಒಂದು ತಿರುಗಿದ್ರೆ ಎಲ್ಲಾ ತಿರುಗ್ತವೆ. ಮಾರ್ಕೆಟ್ ತೂಕದ ಹಂದಿ ಒಂದು ಸಲಕ್ಕೆ ನಾಲ್ಕೋ ಐದೋ, ಅದಕ್ಕಿಂತ ಜಾಸ್ತಿ ಬೇಡ, ಓಣಿ ಕಿರಿದಾಗಿದ್ರೆ ಮೂರೇ ಸಾಕು. 60 ಹಂದಿಗೆ ಐದರ ಲೆಕ್ಕ ಹಾಕಿದ್ರೆ 12 ಸರದಿ. ಒಂದು ಸರದಿಗೆ ಮೂರು ನಾಲ್ಕು ನಿಮಿಷ ಅಂದ್ರೂ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗೀತು. ಹೋದ ಸಲ ಎಷ್ಟು ಹೊತ್ತಾಯ್ತು ಅಂತ ನೆನಪು ಮಾಡ್ಕೊಳ್ಳಿ. ಒಂದು ಸರದಿ ಗಾಡಿ ಒಳಗೆ ಹೋಗಿ ಗೇಟು ಹಾಕಿದ ಮೇಲೇನೇ ಮುಂದಿನ ಸರದಿ ಪೆನ್ನಿಂದ ಬಿಡಿ, ರ‍್ಯಾಂಪ್ ಕೆಳಗೆ ಕಾಯಿಸ್ಬೇಡಿ. ಶೆಡ್‌ನ ಕೊನೇ ತುದಿ ಪೆನ್ನಿನ ಹಂದಿಗಳು ಜಾಸ್ತಿ ದೂರ ನಡೀಬೇಕು, ಬೇಗ ಸುಸ್ತಾಗೋದು ಅವೇ, ಅವುಗಳನ್ನ ಇನ್ನೂ ನಿಧಾನವಾಗಿ ತನ್ನಿ, ನಡುವೆ ಒಂದು ನಿಮಿಷ ನಿಂತ್ರೆ ನಿಲ್ಲಲಿ.

ನಡೆಸೋ ರೀತಿ. ಹಂದಿ ಭುಜದ ಹತ್ರ ಒಂದು ಗೆರೆ ಇದೆ ಅಂದ್ಕೊಳ್ಳಿ. ಆ ಗೆರೆಗಿಂತ ಹಿಂದೆ ಇದ್ದು ನೀವು ಒಂದು ಹೆಜ್ಜೆ ಹತ್ರ ಹೋದ್ರೆ ಅದು ಮುಂದೆ ಹೋಗುತ್ತೆ, ಗೆರೆ ದಾಟಿ ಮುಂದೆ ಬಂದ್ರೆ ಅದು ಹಿಂದಕ್ಕೆ ಸರಿಯುತ್ತೆ. ಎಷ್ಟೋ ಜನ ಹಂದಿ ಮುಂದಿನ ಕಾಲಿನ ಪಕ್ಕ ನಿಂತ್ಕೊಂಡು ಹಿಂಭಾಗಕ್ಕೆ ಬಡೀತಾ ಇರ್ತಾರೆ, ಪಾಪ ಅದಕ್ಕೆ ಹೋಗು ಅಂತಲೂ ಕೇಳಿಸುತ್ತೆ, ಬರ್ಬೇಡ ಅಂತಲೂ ಕೇಳಿಸುತ್ತೆ. ಬಾಲದ ನೇರ ಹಿಂದೆ ನಿಂತ್ರೆ ನೀವು ಅದಕ್ಕೆ ಕಾಣಲ್ಲ, ಯಾರು ಅಂತ ನೋಡೋಕೆ ತಿರುಗುತ್ತೆ. ಓರೆಯಾಗಿ ಹಿಂದೆ ಇರಿ. ಅದು ಹೆಜ್ಜೆ ಹಾಕಿದ ತಕ್ಷಣ ನೀವು ತಳ್ಳೋದು ನಿಲ್ಲಿಸಿ, ಅರ್ಧ ಹೆಜ್ಜೆ ಹಿಂದೆ ಸರೀರಿ. ಅದು ನಡೆದಿದ್ದಕ್ಕೆ ನೀವು ಕೊಡೋ ಉತ್ತರ ಅದು, ನಡೆದ ಮೇಲೂ ತಳ್ತಾ ಇದ್ರೆ ನಡೆದು ಏನು ಪ್ರಯೋಜನ ಅಂತ ಅದು ಓಡುತ್ತೆ ಇಲ್ಲಾ ತಿರುಗುತ್ತೆ. ಕೈಯಲ್ಲಿ ಒಂದು ಗಟ್ಟಿ ಬೋರ್ಡ್ ಇರಲಿ, ಪ್ಲಾಸ್ಟಿಕ್ಕೋ ಪ್ಲೈವುಡ್ಡೋ, ಮೊಣಕಾಲು ಮುಚ್ಚಿ ಸೊಂಟದ ತನಕ ಬರೋ ಅಷ್ಟು. ಹಂದಿಗೆ ಬೋರ್ಡ್ ಅಂದ್ರೆ ಗೋಡೆ, ಅಲ್ಲಿ ದಾರಿ ಇಲ್ಲ ಅಂತ ಅದೇ ಬೇರೆ ಕಡೆ ನೋಡುತ್ತೆ. ಬೋರ್ಡ್ ಜೊತೆಗೆ ಒಂದು ಬಟ್ಟೆ ಬಾವುಟವೋ, ಒಳಗೆ ಕಾಳು ಹಾಕಿದ ಪ್ಲಾಸ್ಟಿಕ್ ಡಬ್ಬವೋ ಇದ್ರೆ ಸಾಕು, ಅದನ್ನೂ ಬಿಡದೆ ಅಲ್ಲಾಡಿಸ್ಬೇಡಿ, ಬೇಕಾದಾಗ ಒಂದು ಸಲ ಅಷ್ಟೇ. ಕೂಗಾಟ ಬೇಡ, ಶಿಳ್ಳೆ ಬೇಡ, ನಾಯಿ ಕಟ್ಟಿ ಹಾಕಿ.

ಲೋಡಿಂಗ್ ದಿನದ ಅರ್ಧ ಕೆಲಸ ಅದಕ್ಕೆ ಹಿಂದಿನ ವಾರಗಳಲ್ಲಿ ಆಗಿರುತ್ತೆ. ದಿನಾ ಒಂದು ಸಲ ಪೆನ್ ಒಳಗೆ ಹೋಗಿ ಸುಮ್ಮನೆ ಒಂದು ಸುತ್ತು ಹಾಕಿ ಬನ್ನಿ, ಮಲಗಿದವು ಎದ್ದು ನಿಮ್ಮಿಂದ ಸರಿದು ದಾರಿ ಬಿಡೋದು ಕಲೀಲಿ. ಕೊನೇ ಎರಡು ಮೂರು ವಾರದಲ್ಲಿ ಆಗಾಗ ಪೆನ್ ಗೇಟು ತೆಗೆದು ಓಣಿಯಲ್ಲಿ ಓಡಾಡೋಕೆ ಬಿಡಿ. ಮನುಷ್ಯ ಅಂದ್ರೆ ಫೀಡ್ ಬಕೆಟ್ ಇಲ್ಲಾಂದ್ರೆ ಇಂಜೆಕ್ಷನ್ ಅಂತ ಅಷ್ಟೇ ಗೊತ್ತಿರೋ ಹಂದಿ ಲೋಡಿಂಗ್ ದಿನ ಗಾಬರಿ ಬೀಳದೆ ಇನ್ನೇನು ಮಾಡುತ್ತೆ. ಯಾವುದು ಹೋಗ್ಬೇಕು ಅಂತ ಆರಿಸೋದನ್ನೂ ಹಿಂದಿನ ದಿನವೇ ಮುಗಿಸಿ, ಗಾಡಿ ಬಂದು ನಿಂತ ಮೇಲೆ ಪೆನ್ ಒಳಗೆ ಅಟ್ಟಾಡಿಸಿ ಆರಿಸಿದ್ರೆ ರ‍್ಯಾಂಪ್ ತಲುಪೋ ಹೊತ್ತಿಗೆ ಅದರ ಅರ್ಧ ಶಕ್ತಿ ಮುಗಿದಿರುತ್ತೆ. ಆದ್ರೆ ಆರಿಸುವಾಗ ಬೇರೆ ಬೇರೆ ಪೆನ್ನಿನವನ್ನ ತಂದು ಒಂದೇ ಕಡೆ ತುಂಬ್ಬೇಡಿ, ಪರಿಚಯ ಇಲ್ಲದ ಹಂದಿ ಸೇರಿದ್ರೆ ರಾತ್ರಿಯೆಲ್ಲಾ ಕಚ್ಚಾಡ್ತವೆ.

ಫೀಡು ನಿಲ್ಲಿಸ್ಬೇಕು, ನೀರು ನಿಲ್ಲಿಸ್ಬಾರದು. ತುಂಬಿದ ಹೊಟ್ಟೆಯಲ್ಲಿ ಗಾಡಿ ಹತ್ತಿದ ಹಂದಿ ವಾಂತಿ ಮಾಡುತ್ತೆ, ಸಾಯೋ ಸಾಧ್ಯತೆನೂ ಜಾಸ್ತಿ. ಕಡಿಯೋ ಹೊತ್ತಿಗೆ ಒಟ್ಟು 12ರಿಂದ 18 ಗಂಟೆ ಹೊಟ್ಟೆ ಖಾಲಿ ಇರೋ ಹಾಗೆ ಲೆಕ್ಕ ಹಾಕಿ, ಇದರಲ್ಲಿ ಪ್ರಯಾಣದ ಟೈಮು, ಅಲ್ಲಿ ಕಾಯೋ ಟೈಮು ಎಲ್ಲಾ ಸೇರಿತು. ಉದಾಹರಣೆಗೆ ಪ್ರಯಾಣ ಮೂರು ಗಂಟೆ, ಅಲ್ಲಿ ಕಾಯೋದು ಮೂರು ಗಂಟೆ ಅಂದ್ರೆ ಗಾಡಿ ಹತ್ತೋಕೆ ಆರೆಂಟು ಗಂಟೆ ಮುಂಚೆ ಫೀಡರ್ ಮುಚ್ಚಿದ್ರೆ ಸರಿಹೋಗುತ್ತೆ. ಔಷಧಿ ಕೊಟ್ಟ ಹಂದಿಗೆ ಅದರ ಕಾಯುವ ಅವಧಿ, ಅಂದ್ರೆ ಔಷಧಿ ಕೊಟ್ಟ ಮೇಲೆ ಕಡಿಯಬಾರದ ದಿನಗಳು, ಮುಗಿದಿದೆಯಾ ಅಂತ ಔಷಧಿ ಬರೆದಿಟ್ಟ ಪುಸ್ತಕ ತೆಗೆದು ನೋಡಿ. ಕುಂಟುತ್ತಾ ಒಂದು ಕಾಲು ಊರದೇ ಇರೋದು, ದೊಡ್ಡ ಹರ್ನಿಯಾ ನೆಲಕ್ಕೆ ತಾಗೋದು, ಗುದ ಹೊರಗೆ ಬಂದಿರೋದು, ತೆರೆದ ದೊಡ್ಡ ಗಾಯ ಇರೋದು, ಇವು ಗಾಡಿಗೆ ಹತ್ತಲೇಬಾರದು.

ರ‍್ಯಾಂಪ್. ನಿಮ್ಮದು ಎಷ್ಟು ಕಡಿದಾಗಿದೆ ಅಳೆದು ನೋಡಿ. ನಾನು ಮೇಲೆ ಹೇಳಿದ ಅದೇ ಯುರೋಪಿನ ನಿಯಮದಲ್ಲಿ ಹಂದಿಗೆ 20 ಡಿಗ್ರಿಗಿಂತ ಕಡಿದಾದ ರ‍್ಯಾಂಪ್ ಇರಬಾರದು ಅಂತಿದೆ, ನನ್ನ ಕೇಳಿದ್ರೆ 15 ಡಿಗ್ರಿ ಇದ್ರೆ ಹಂದಿಗೂ ನಿಮಗೂ ಒಳ್ಳೇದು. ಕೋನ ಅಳೆಯೋಕೆ ಗೊತ್ತಾಗದಿದ್ರೆ ಹೀಗೆ ನೋಡಿ, ಗಾಡಿ ನೆಲ ಒಂದು ಮೀಟರ್ ಎತ್ತರ ಇದ್ರೆ 20 ಡಿಗ್ರಿಗೆ ರ‍್ಯಾಂಪ್ ಉದ್ದ ಹತ್ರ ಹತ್ರ ಮೂರು ಮೀಟರ್ ಬೇಕು, 15 ಡಿಗ್ರಿಗೆ ಹತ್ರ ಹತ್ರ ನಾಲ್ಕು. ಎರಡು ಮೀಟರ್ ಹಲಗೆ ಹಾಕಿ ಹಂದಿ ಹತ್ತಲ್ಲ ಅಂದ್ರೆ ಅದು 30 ಡಿಗ್ರಿ ಗುಡ್ಡ. ಕಾಲು ಜಾರದ ಹಾಗೆ ಅಡ್ಡ ಪಟ್ಟಿ ಹೊಡೆದಿರ್ಬೇಕು, ಈ ತೂಕದ ಹಂದಿಗೆ ಪಟ್ಟಿಯಿಂದ ಪಟ್ಟಿಗೆ 20 ಸೆಂಟಿಮೀಟರ್ ಸರಿಯಾದ ಅಂತರ, ಅದಕ್ಕಿಂತ ಅಗಲ ಆದ್ರೆ ಕಾಲು ಜಾರಿ ಮುಂದಿನ ಪಟ್ಟಿಗೆ ಹೋಗಿ ಬಡಿಯುತ್ತೆ. ಕಾಯಂ ಸಿಮೆಂಟ್ ರ‍್ಯಾಂಪ್ ಕಟ್ಟಿಸೋ ಯೋಚನೆ ಇದ್ರೆ ಇಳಿಜಾರಿಗಿಂತ ಮೆಟ್ಟಿಲು ಒಳ್ಳೇದು, ಒಂದೊಂದು ಮೆಟ್ಟಿಲು ಆರೂವರೆ ಸೆಂಟಿಮೀಟರ್ ಎತ್ತರ, 25 ಸೆಂಟಿಮೀಟರ್ ಅಗಲ. ರ‍್ಯಾಂಪ್ ತುದಿಗೂ ಗಾಡಿ ನೆಲಕ್ಕೂ ನಡುವಿನ ಸಂದಿ ಪೂರ್ತಿ ಮುಚ್ಚಿರಬೇಕು, ಹಂದಿ ಕಾಲು ಮುರಿಯೋದು ಆ ಸಂದಿಯಲ್ಲೇ, ಆ ಸಂದಿಯಿಂದ ಬರೋ ಬೆಳಕು ಕೆಳಗಿಂದ ನೋಡಿದ್ರೆ ಉರಿಯೋ ಗೆರೆ ತರ ಕಾಣುತ್ತೆ. ಒಂದು ರಬ್ಬರ್ ಮ್ಯಾಟ್ ಹಾಕಿ. ರ‍್ಯಾಂಪ್ ಮೇಲೂ ಬಾಗಿಲ ಹತ್ರದ ನೆಲದ ಮೇಲೂ ಶೆಡ್‌ನ ಮರದ ಹೊಟ್ಟನ್ನೇ ಎರಡು ಬುಟ್ಟಿ ಚೆಲ್ಲಿ, ನೆಲದ ಗೆರೆ ಮುಚ್ಚುತ್ತೆ, ತಗಡಿನ ಸದ್ದು ಅಡಗುತ್ತೆ, ತನ್ನದೇ ವಾಸನೆ ಬರುತ್ತೆ. ಇಷ್ಟು ಮಾಡಿದ್ದಕ್ಕೇ ಹಂದಿ ಹತ್ತಿರೋದನ್ನ ಎಷ್ಟೋ ಸಲ ನೋಡಿದ್ದೀನಿ.

ಜಾಗದ ಲೆಕ್ಕ ನೀವು ಕೇಳಿಲ್ಲ, ಆದ್ರೆ ಗಾಡಿ ಒಳಗೆ ಒಂದು ಸತ್ತಿದೆ ಅಂದಿದ್ದಕ್ಕೆ ಹೇಳ್ತೀನಿ. ಅದೇ ನಿಯಮದ ಪ್ರಕಾರ 100 ಕೆಜಿ ಆಸುಪಾಸಿನ ಹಂದಿಗೆ ಒಂದು ಚದರ ಮೀಟರ್‌ಗೆ 235 ಕೆಜಿಗಿಂತ ಜಾಸ್ತಿ ತುಂಬಬಾರದು. ನಿಮ್ಮ 115 ಕೆಜಿ ಹಂದಿಗೆ ಒಂದಕ್ಕೆ ಅರ್ಧ ಚದರ ಮೀಟರ್ ಹತ್ರ ಬಂತು, 60ಕ್ಕೆ ಸುಮಾರು 30 ಚದರ ಮೀಟರ್. ಬಿಸಿಲು ಜಾಸ್ತಿ ಇದ್ರೆ ಇದರ ಮೇಲೆ ಶೇಕಡ 20ರಷ್ಟು ಜಾಗ ಜಾಸ್ತಿ ಕೊಡಬೇಕಾಗಬಹುದು ಅಂತಲೂ ಅದರಲ್ಲೇ ಇದೆ, ಅಂದ್ರೆ ಅದೇ ಗಾಡಿಯಲ್ಲಿ ಬೇಸಿಗೆಯಲ್ಲಿ 50 ಮಾತ್ರ. ಹಂದಿ ಎಲ್ಲಾ ಒಟ್ಟಿಗೆ ಮಲಗೋ ಅಷ್ಟು ಜಾಗ ಇರ್ಬೇಕು. ಒಂದು ಮಲಗಿ ಅದರ ಮೇಲೆ ಇನ್ನೊಂದು ನಿಂತ್ರೆ ಕೆಳಗಿನದು ಉಸಿರು ಕಟ್ಟಿ ಹೋಗುತ್ತೆ. ಸೆಕೆ ದಿನ ಗಾಡಿ ನೆಲಕ್ಕೆ ಮರದ ಹೊಟ್ಟು ತೆಳ್ಳಗೆ ಹಾಕಿ ನೀರಲ್ಲಿ ತೋಯಿಸಿ, ಹುಲ್ಲು ಬೇಡ, ಬಿಸಿ ಹಿಡಿದಿಟ್ಕೊಳ್ಳುತ್ತೆ. ಚಳಿಯಲ್ಲಿ ಒಣ ಹೊಟ್ಟು ದಪ್ಪಕ್ಕೆ. ಲೋಡ್ ಆದ ತಕ್ಷಣ ಗಾಡಿ ಹೊರಡ್ಬೇಕು, ನಿಂತ ಗಾಡಿ ಒಳಗೆ ಗಾಳಿ ಆಡಲ್ಲ, ಬಿಸಿ ನಿಮಿಷ ನಿಮಿಷಕ್ಕೂ ಏರುತ್ತೆ. ಚೀಟಿ ಬರೆಯೋದು, ದುಡ್ಡು ಎಣಿಸೋದು, ಟೀ ಕುಡಿಯೋದು ಎಲ್ಲಾ ಮೊದಲ ಹಂದಿ ಹತ್ತೋಕೆ ಮುಂಚೆ ಮುಗಿಸ್ಕೊಳ್ಳಿ.

ನಿಮ್ಮ ತಮ್ಮನ ಮೊಣಕಾಲು. ಹದಿನೈದು ದಿನದಲ್ಲಿ ಎದ್ದಿದ್ದಾನಲ್ಲ, ಸಮಾಧಾನ, ಇದಕ್ಕಿಂತ ಕೆಟ್ಟದಾಗಬಹುದಿತ್ತು. ಗೇಟು ಬಡಿಯೋದು ಯಾವಾಗ ಅಂದ್ರೆ ಮನುಷ್ಯ ಗೇಟಿಗೂ ಗೋಡೆಗೂ ನಡುವೆ ನಿಂತಾಗ, ಆ ಕಡೆಯಿಂದ ಹಂದಿ ನುಗ್ಗಿದಾಗ. 115 ಕೆಜಿ ಓಡಿ ಬಂದು ಗುದ್ದಿದ್ರೆ ಕೈಯಲ್ಲಿ ಹಿಡಿದ ಗೇಟು ನಿಲ್ಲಲ್ಲ. ಗೇಟು ಹಿಂದಕ್ಕೆ ಹಾರಿದ್ರೆ ಎಲ್ಲಿ ಹೋಗಿ ಬೀಳುತ್ತೋ ಆ ಜಾಗದಲ್ಲಿ ಯಾರೂ ನಿಲ್ಲಬಾರದು, ತೆಗೆದ ಗೇಟನ್ನ ಕೊಂಡಿ ಹಾಕಿ ಕಟ್ಟಿಬಿಡಿ, ಹಿಡ್ಕೊಂಡು ನಿಲ್ಲೋದು ಬೇಡ. ಬೋರ್ಡ್ ಹಿಡಿಯುವಾಗ ಮೊಣಕಾಲನ್ನ ಬೋರ್ಡಿಗೆ ಒತ್ತಿ ನಿಲ್ಲಬೇಡಿ, ಬೋರ್ಡಿನ ಕೆಳ ಅಂಚು ನೆಲಕ್ಕೆ ತಾಗಿರಲಿ, ಇಲ್ಲಾಂದ್ರೆ ಹಂದಿ ಅದರ ಕೆಳಗೆ ಮೂತಿ ತೂರಿಸಿ ಎತ್ತಿ ಬಿಸಾಕುತ್ತೆ. ಒಂದು ಹಂದಿ ತಿರುಗಿ ನಿಮ್ಮ ಕಡೆಗೇ ಬರೋಕೆ ತೀರ್ಮಾನ ಮಾಡಿದ್ರೆ ಬಿಟ್ಟುಬಿಡಿ, ದಾರಿ ಕೊಡಿ, ಅದು ಹೋಗಲಿ, ಮುಂದಿನ ಸರದಿಯಲ್ಲಿ ಬರುತ್ತೆ. ಓಣಿಯಲ್ಲಿ ಅಲ್ಲಲ್ಲಿ ಒಬ್ಬ ಮನುಷ್ಯ ಪಕ್ಕಕ್ಕೆ ನುಸುಳಿ ಹೋಗೋ ಸಂದಿ ಇಟ್ಟುಕೊಳ್ಳಿ. ಗಾಡಿ ಹಿಂದಕ್ಕೆ ಬರುವಾಗ ಗಾಡಿಗೂ ಶೆಡ್‌ಗೂ ನಡುವೆ ಯಾರೂ ಇರಬಾರದು, ನಿಂತ ಮೇಲೆ ಚಕ್ರಕ್ಕೆ ಅಡ್ಡ ಮರದ ತುಂಡು ಕೊಡಿ, ಹಂದಿಗಳ ಭಾರಕ್ಕೆ ಗಾಡಿ ಸರಿದು ರ‍್ಯಾಂಪ್ ಕಳಚಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಕಿವಿಗೆ ಹತ್ತಿಯಲ್ಲ, ಸರಿಯಾದ ಇಯರ್ ಪ್ಲಗ್ಗು ಹಾಕಿ, ಮುಚ್ಚಿದ ಶೆಡ್‌ನಲ್ಲಿ ಹಂದಿ ಕಿರುಚೋದು 100 ಡೆಸಿಬಲ್ ದಾಟುತ್ತೆ. ಮಕ್ಕಳು ಅವತ್ತು ಆ ಕಡೆ ಬರಲೇಬಾರದು.

ಡ್ರೈವರ್ ವಿಷಯ ಇನ್ನೊಂದಿದೆ. ಅವರು ಶೆಡ್ ಒಳಗೆ ಕಾಲಿಡಬಾರದು, ನೀವು ಗಾಡಿ ಒಳಗೆ ಹತ್ತಿದ ಬೂಟಲ್ಲಿ ಪೆನ್ ಕಡೆ ಹೋಗಬಾರದು. ಮೊದಲೇ ಗಾಡಿ ಒಳಗೆ ಬಗ್ಗಿ ನೋಡೋಕೆ ಹೇಳಿದ್ದೀನಲ್ಲ, ಅದಕ್ಕೂ ಬೇರೆ ಬೂಟು ಇಟ್ಟುಕೊಳ್ಳಿ. ರ‍್ಯಾಂಪ್ ಬುಡದಲ್ಲಿ ಸುಣ್ಣದಲ್ಲಿ ಒಂದು ಗೆರೆ ಎಳೆದು ಅದೇ ಗಡಿ ಅಂತ ಮಾಡ್ಕೊಳ್ಳಿ. ಆ ಗಾಡಿ ಇವತ್ತು ಬೆಳಿಗ್ಗೆ ಎಲ್ಲಿತ್ತು ಅಂತ ನಿಮಗೆ ಗೊತ್ತಿಲ್ಲ. 2013ರಲ್ಲಿ ಅಮೆರಿಕಕ್ಕೆ ಹಂದಿ ಭೇದಿ ರೋಗ, ಪಿಇಡಿ ಅಂತಾರೆ, ಮೊದಲ ಸಲ ಬಂದಾಗ ಹಂದಿ ಇಳಿಸಿ ವಾಪಸ್ ಬಂದ ಗಾಡಿಗಳ ಸಗಣಿಯಲ್ಲೂ ವೈರಸ್ ಊರೂರು ಸುತ್ತಿತ್ತು, ಎಳೇ ಮರಿಗಳು ಲಕ್ಷಗಟ್ಟಲೆ ಸತ್ವು. ತೊಳೆದು, ಔಷಧಿ ಹೊಡೆದು, ಒಣಗಿಸಿದ ಗಾಡಿ ಮಾತ್ರ ಒಳಗೆ ಬಿಡಿ, ಒದ್ದೆ ಗಾಡಿ ಬಂದ್ರೆ ವಾಪಸ್ ಕಳಿಸೋ ಧೈರ್ಯ ಮಾಡಿ.

ಕೊನೇದಾಗಿ, ಇಷ್ಟೆಲ್ಲಾ ಮಾಡಿದ ಮೇಲೂ ಒಂದು ಹಂದಿ ಕೂತ್ಬಿಟ್ರೆ ಏನು ಮಾಡೋದು. ಕಿವಿ ಹಿಡಿದು, ಬಾಲ ಹಿಡಿದು, ಕಾಲು ಹಿಡಿದು ಎಳೀಬೇಡಿ. ಉಳಿದವನ್ನ ಹಿಂದಕ್ಕೆ ಕಳಿಸಿ ಅದಕ್ಕೆ ಗಾಳಿ ಬಿಡಿ, ಎಲ್ಲರೂ ದೂರ ಸರೀರಿ. ಸರಿಸಲೇಬೇಕು ಅಂದ್ರೆ ಗಟ್ಟಿ ರಬ್ಬರ್ ಮ್ಯಾಟ್ ಮೇಲೆ ಉರುಳಿಸಿಕೊಂಡು ಮ್ಯಾಟ್ ಎಳೀರಿ. ಗಡಿ ದಾಟಿದ ಹಂದಿ ವಾಪಸ್ ತನ್ನ ಪೆನ್ನಿಗೆ ಹೋಗೋದು ಬೇಡ, ಬಾಗಿಲ ಪಕ್ಕ ಮೊದಲೇ ಒಂದು ಸಣ್ಣ ಜಾಗ ಅಡ್ಡ ಕಟ್ಟಿ ನೆರಳು, ಹೊಟ್ಟು, ನೀರು ಇಟ್ಟಿರಿ, ಅಲ್ಲಿ ಮಲಗಲಿ. ಮೈ ಕಾದಿದೆ ಅಂತ ಒಂದೇ ಸಲಕ್ಕೆ ತಣ್ಣೀರು ಬಕೆಟ್ ಸುರೀಬೇಡಿ, ಅದರ ಸುತ್ತಲಿನ ನೆಲ ಒದ್ದೆ ಮಾಡಿ, ಫ್ಯಾನ್ ಇದ್ರೆ ಹಾಕಿ, ಮೈ ಮೇಲೆ ಸ್ವಲ್ಪ ಸ್ವಲ್ಪ ಚಿಮುಕಿಸಿ. ಬರೀ ಸುಸ್ತಾಗಿ ಕೂತ ಹಂದಿಗಳಲ್ಲಿ ಹೆಚ್ಚಿನವು ಎರಡು ಮೂರು ಗಂಟೆ ಸುಮ್ಮನೆ ಬಿಟ್ರೆ ಸುಧಾರಿಸ್ಕೊಳ್ತವೆ. ಮೊದಲು ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡೋಕೆ ಶುರು ಮಾಡುತ್ತೆ, ಆಮೇಲೆ ಮಚ್ಚೆ ಮಾಯ ಆಗುತ್ತೆ, ಆಮೇಲೆ ಮುಂಗಾಲು ಊರಿ ನಾಯಿ ತರ ಕೂರುತ್ತೆ, ಆಮೇಲೆ ತಾನೇ ಎದ್ದು ನೀರಿನ ಹತ್ರ ಹೋಗುತ್ತೆ. ಅವತ್ತಿನ ಗಾಡಿ ತಪ್ಪಿದ್ರೆ ತಪ್ಪಲಿ, ಮುಂದಿನ ಲೋಡಿಗೆ ಕಳಿಸಿ. ಮೂರು ಗಂಟೆ ಆದ್ಮೇಲೂ ಎದ್ದಿಲ್ಲ, ಹಿಂಗಾಲು ಎಳೀತಿದೆ ಅಂದ್ರೆ ಅದು ಸುಸ್ತಲ್ಲ, ಒಳಗೆ ಏನೋ ಮುರಿದಿದೆ, ಪಶುವೈದ್ಯರನ್ನ ಆವತ್ತೇ ಕರೆಸಿ, ನರಳೋಕೆ ರಾತ್ರಿಯೆಲ್ಲಾ ಬಿಡಬೇಡಿ.